ಗೋಡೌನ್‌ನಲ್ಲಿದೆ, ಕೂತ್ಕೊಳ್ಳಿ

ಆಗಸ್ಟ್ 19, 2025, ಮಂಗಳವಾರ

ವ್ಯಾಪಾರ ಇರುವ ಮನುಷ್ಯ ಡೈರಿ ಬರೆಯುವುದಿಲ್ಲ. ಈ ಡೈರಿ ಜನವರಿಯಿಂದ ನನ್ನ ಮೇಜಿನ ಮೇಲೆ ಬಿದ್ದಿದೆ. ಇಷ್ಟು ದಿನದಲ್ಲಿ ಇದರಿಂದ ಲೋಕಕ್ಕೆ ಆದ ಉಪಕಾರವೆಂದರೆ ಕೆಲವು ಜಿರಲೆ ಸತ್ತದ್ದು. ಇವತ್ತು ಬೆಳಗ್ಗೆಯಿಂದ ಅಂಗಡಿಗೆ ಒಬ್ಬರೂ ಬಂದಿಲ್ಲ, ಜಿರಲೆಯೂ ಬಂದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲ ಪುಟದಲ್ಲಿ ಸ್ವವಿವರ ಕೇಳಿದ್ದಾರೆ. ಬಿಟ್ಟಿ ಬಂದ ಡೈರಿಗೂ ಒಂದು ಅರ್ಜಿ! ಇರಲಿ, ತುಂಬಿದ್ದೇನೆ. ಹೆಸರು: ಗುರುಮಲ್ಲಪ್ಪ. ಊರು: ನಂಜನಗೂಡು. ಉದ್ಯೋಗ: ಜೆಸಿಬಿ ಮುಂತಾದ ಮಣ್ಣು ಅಗೆಯುವ ಯಂತ್ರಗಳ ಬಿಡಿಭಾಗ ಮಾರುವುದು. ರಕ್ತದ ಗುಂಪು: ಕುದಿಯುತ್ತಿದೆ.

ದೇಶದ ಆರ್ಥಿಕ ಪರಿಸ್ಥಿತಿ ಕುರಿತು ಟಿವಿಯಲ್ಲಿ ಕೋಟು ತೊಟ್ಟವರು ಗಂಟೆಗಟ್ಟಲೆ ಕೂಗಾಡುತ್ತಾರೆ. ನನ್ನನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ: ಹೊಸ ವರ್ಷಕ್ಕೆ ಅಂಗಡಿಗೆ ಎಷ್ಟು ಡೈರಿ ಬಂದವು, ಎಣಿಸಿ. ಒಳ್ಳೆಯ ಕಾಲದಲ್ಲಿ ಆಯಿಲ್ ಕಂಪನಿ, ಫಿಲ್ಟರ್ ಕಂಪನಿ, ಬೇರಿಂಗ್ ಕಂಪನಿ ಎಲ್ಲರೂ ತಂದು ಸುರಿಯುತ್ತಿದ್ದರು. ನೆಂಟರಿಗೆಲ್ಲ ಹಂಚಿ ಮಿಕ್ಕಿದ್ದರಲ್ಲಿ ನನ್ನ ಹೆಂಡತಿ ಸರ್ವಮಂಗಳಾ ಹಾಲಿನ ಲೆಕ್ಕ ಬರೆಯುತ್ತಿದ್ದಳು. ಈ ವರ್ಷ ಬಂದದ್ದು ಇದೊಂದೇ. ಅದೂ ರಟ್ಟು ತೆಳ್ಳಗೆ.

ನಮ್ಮೂರು ಹಲ್ಲುಪುಡಿಗೆ ಹೆಸರುವಾಸಿ. ನಾನು ಮಾರುವುದೂ ಹಲ್ಲೇ. ಜೆಸಿಬಿ ಬಕೆಟ್ಟಿನ ತುದಿಗೆ ಕೂರಿಸುವ ಉಕ್ಕಿನ ಹಲ್ಲು. ಜೂನ್‌ನಲ್ಲಿ ನೀರಿನ ಪೈಪು ಹೂಳಲು ಹಳ್ಳಿಹಳ್ಳಿಯನ್ನೂ ಅಗೆಯುತ್ತಿದ್ದರು. ಯಂತ್ರಗಳು ನನ್ನ ಅಂಗಡಿ ಮುಂದೆ ದಂತವೈದ್ಯರ ಮುಂದೆ ನಿಂತಂತೆ ಬಾಯಿ ತೆರೆದು ನಿಂತಿರುತ್ತಿದ್ದವು. ಈಗ ಕಂಟ್ರಾಕ್ಟರ್‌ಗಳಿಗೆ ಬಿಲ್ ಆಗಿಲ್ಲವಂತೆ. ಗುಂಡಿ ಗುಂಡಿಯಾಗಿಯೇ ಉಳಿದಿದೆ, ಪೈಪು ರಸ್ತೆ ಬದಿಯಲ್ಲಿ ಬಿಸಿಲು ಕಾಯಿಸುತ್ತಿದೆ. ಬಿಲ್ ಆಗದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಹಲ್ಲು ಸವೆಯುವುದಿಲ್ಲ, ಹಲ್ಲು ಸವೆಯದಿದ್ದರೆ ಗುರುಮಲ್ಲಪ್ಪ ಡೈರಿ ಬರೆಯುತ್ತಾನೆ.

ಸಾಲದ್ದಕ್ಕೆ ಕಟ್ಟಡದ ಮಾಲೀಕ ರಾಚಯ್ಯ ಬಂದಿದ್ದರು. ಒಂದು ಚಿನ್ನದ ಸಾಲದ ಕಂಪನಿಯವರು ನನ್ನ ಎರಡು ಶಟರ್‌ನ ಮಳಿಗೆಯನ್ನು ಕೇಳುತ್ತಿದ್ದಾರಂತೆ.

"ಯುಗಾದಿಗೆ ನಿಮ್ಮ ಅಗ್ರಿಮೆಂಟು ಮುಗೀತದೆ ಗುರುಮಲ್ಲಪ್ಪನೋರೆ. ಅಷ್ಟರಲ್ಲಿ ಹೇಳಿ, ಇರ್ತೀರೋ ಬಿಡ್ತೀರೋ. ಬಲವಂತ ಇಲ್ಲ. ಆದ್ರೆ ಅವರು ಎ.ಸಿ. ಹಾಕಿಸ್ತಾರಂತೆ."

ನಾನು ಬಿಡುವುದೆಂದರೇನು! ಇಪ್ಪತ್ತು ವರ್ಷದ ಅಂಗಡಿ! ಎ.ಸಿ.ಯಂತೆ, ಎ.ಸಿ.

ಆಗಸ್ಟ್ 22, ಶುಕ್ರವಾರ

ಕಳಲೆಯ ಮಧುಕುಮಾರ್ ಬಂದ. ಒಂದೇ ಒಂದು ಹಳೆಯ ಜೆಸಿಬಿ, ಅದಕ್ಕೆ ಅವನೇ ಮಾಲೀಕ, ಅವನೇ ಡ್ರೈವರ್. ಬಕೆಟ್ಟಿನ ಹಲ್ಲುಗಳನ್ನು ಒಂದೊಂದಾಗಿ ಎತ್ತಿ, ತೂಗಿ, ಬೆರಳಿನಿಂದ ಬಾರಿಸಿ, ಮದುವೆಗೆ ಹೆಣ್ಣು ನೋಡಿದಂತೆ ನೋಡಿ ಕೆಳಗಿಟ್ಟ.

"ಟ್ಯಾಕ್ಸ್ ಇಳಿಸ್ತಾರಂತೆ ಕಣ್ ಸಾ. ಇಳೀಲಿ ಬುಡಿ, ಆಮೇಲ್ ತಕ್ಕೊಂಡೋಯ್ತೀನಿ."

"ಅಲ್ಲಯ್ಯಾ, ಅಲ್ಲೀತನಕ ಬೋಳು ಬಾಯಿ ಬಕೆಟ್ಟಲ್ಲಿ ಏನ್ ಅಗೀತೀಯ?"

"ಅಗ್ಯಾಕೆ ಕೆಲ್ಸ ಎಲ್ಲದೆ ಸಾ? ಸುಮ್ಗೆ ನಿಂತವ್ಳೆ ಇತ್ಲಲ್ಲಿ."

ಕೆಲಸವಿಲ್ಲದವನು ಬೆಲೆ ಯಾಕೆ ಕೇಳಬೇಕು? ನನ್ನ ಬಿ.ಪಿ. ಏರಿಸಲು ಬೇರೆ ದಾರಿಯಿಲ್ಲವೆ?

ಸೆಪ್ಟೆಂಬರ್ 4, ಗುರುವಾರ

ಇವತ್ತು ನರಸೀಪುರದ ಆ ಮನುಷ್ಯನಿಂದ ಫೋನ್ ಬಂತು. ಮಧ್ಯಾಹ್ನದ ಊಟ ಅರ್ಧಕ್ಕೇ ಬಿಟ್ಟು ಎತ್ತಿದೆ.

ಬರೆದಿಡುತ್ತೇನೆ, ಹೊಟ್ಟೆ ಹಗುರವಾಗಲಿ. ಈ ವ್ಯಾಪಾರಕ್ಕೆ ಒಂದು ಮರ್ಯಾದೆ ಇದೆ. ಗಿರಾಕಿ ಕೇಳಿದ್ದನ್ನು ಇಲ್ಲ ಎನ್ನಬಾರದು. 'ಗೋಡೌನ್‌ನಲ್ಲಿದೆ, ತರಿಸ್ತೀನಿ, ಕೂತ್ಕೊಳ್ಳಿ' ಎನ್ನಬೇಕು. ನನಗೆ ಗೋಡೌನ್ ಇಲ್ಲ. ಮಳಿಗೆಯ ಹಿಂದೆ ಒಂದು ಬಚ್ಚಲಿದೆ, ಅದರ ಬಾಗಿಲಿಗೆ ಚಿಲಕವಿಲ್ಲ. ನನ್ನ ಗೋಡೌನ್ ಎಂದರೆ ಟಿ. ನರಸೀಪುರದಲ್ಲಿ ನನ್ನದೇ ವ್ಯಾಪಾರ ಮಾಡಿಕೊಂಡು ನನ್ನ ಗಿರಾಕಿಗಳನ್ನು ತಿನ್ನುತ್ತಿರುವ ಆ ಸೋಮಶೇಖರನ ಅಂಗಡಿ. ಅವನಿಗೂ ಗೋಡೌನ್ ಇಲ್ಲ. ಅವನ ಗೋಡೌನ್ ನಾನು.

ಯಾರ ಎದುರು ಗಿರಾಕಿ ಕೂತಿದ್ದಾನೋ ಅವನು ಯಜಮಾನ. ಫೋನಿನ ಆ ಕಡೆ ಇರುವವನು ಆಳು. ಇದು ಒಪ್ಪಂದವಲ್ಲ, ಯಾರೂ ಮಾತಾಡಿಕೊಂಡದ್ದಲ್ಲ, ಹಾಗೆಯೇ ನಡೆದು ಬಂದಿದೆ. ಬೆಳಗ್ಗೆ ನಾನು "ಏನೋ ಗೋಡೌನಾ? ಆ ಫಿಲ್ಟರ್ ಇದೆಯಾ ನೋಡೋ, ಬೇಗ ಕಳ್ಸೋ" ಎಂದರೆ ಅವನು "ಆಯ್ತು ಯಜಮಾನ್ರೇ" ಎನ್ನುತ್ತಾನೆ. ಮಧ್ಯಾಹ್ನ ಅವನು "ಲೋ, ಯಾರೋ ಗೋಡೌನಲ್ಲಿ? ನಿದ್ದೆ ಮಾಡ್ತಿದ್ಯೇನೋ?" ಎಂದರೆ ನಾನು, ಐವತ್ತನಾಲ್ಕು ವರ್ಷದ ಗುರುಮಲ್ಲಪ್ಪ, "ಇಲ್ಲ ಯಜಮಾನ್ರೇ" ಎನ್ನಬೇಕು. 'ನಿದ್ದೆ ಮಾಡ್ತಿದ್ಯೇನೋ' ಎನ್ನುವುದು ವ್ಯಾಪಾರಕ್ಕೆ ಅಗತ್ಯವೆ? ಅದು ಅವನ ಕೊಬ್ಬು.

ಸಾಮಾನು ಹೋಗಿಬರುವುದು ಸುತ್ತೂರು ದಾರಿಯ ಪ್ರೈವೇಟ್ ಬಸ್ಸಿನಲ್ಲಿ, ಕಂಡಕ್ಟರ್ ನಿಂಗರಾಜುವಿನ ಕೈಯಲ್ಲಿ. ನಾವಿಬ್ಬರೂ ಮುಖಾಮುಖಿ ಕಂಡದ್ದು ಒಮ್ಮೆ ಮಾತ್ರ. ಎಷ್ಟೋ ವರ್ಷದ ಹಿಂದೆ ಮೈಸೂರಿನಲ್ಲಿ ಆಯಿಲ್ ಕಂಪನಿಯವರ ಡೀಲರ್ಸ್ ಮೀಟಿಂಗು. ಮಾರಾಟದಲ್ಲಿ ಅವನಿಗೆ ಮೊದಲ ಬಹುಮಾನ, ಗೋಡೆ ಗಡಿಯಾರ. ನನಗೆ ಎರಡನೆಯದು, ಹಾಟ್ ಬಾಕ್ಸ್. ಅವನ ಮುಖ ನೆನಪಿಲ್ಲ. ಗಡಿಯಾರ ಚೆನ್ನಾಗಿ ನೆನಪಿದೆ.

ಸೆಪ್ಟೆಂಬರ್ 23, ಮಂಗಳವಾರ

ನಿನ್ನೆಯಿಂದ ಟ್ಯಾಕ್ಸ್ ಇಳಿದಿದೆ. ಶಾಂಪೂಗೆ ಇಳಿದಿದೆ, ಟಿವಿಗೆ ಇಳಿದಿದೆ. ನನ್ನ ಬಕೆಟ್ ಹಲ್ಲಿಗೆ ಮಾತ್ರ ಇದ್ದಷ್ಟೇ ಇದೆ. ಮಧುಕುಮಾರನಿಗೆ ಇದನ್ನು ಹೇಳಿದರೆ ನಾನೇ ನಡುವೆ ತಿಂದುಕೊಂಡೆನೆಂಬಂತೆ ನೋಡಿದ.

"ಬಡವನ ಅಲ್ಗೆ ಇಳಿಸ್ನಿಲ್ವಾ ಸಾ?"

ಹಲ್ಲಿಗೆಂದು ಇಟ್ಟಿದ್ದ ದುಡ್ಡಿನಲ್ಲಿ ದೊಡ್ಡ ಟಿವಿ ತಂದನಂತೆ. ಈಗ ಅದರಲ್ಲಿ ಕೋಟು ತೊಟ್ಟವರ ಮಾತು ಕೇಳುತ್ತಾನೆ.

ಅಕ್ಟೋಬರ್ 1, ಬುಧವಾರ, ಆಯುಧಪೂಜೆ

ಪ್ರತಿ ವರ್ಷ ಈ ದಿನ ಅಂಗಡಿ ಮುಂದೆ ರಸ್ತೆ ಕಾಣುತ್ತಿರಲಿಲ್ಲ. ಸುತ್ತಮುತ್ತಲ ಯಂತ್ರಗಳೆಲ್ಲ ಬಾಳೆಕಂದು ಕಟ್ಟಿಕೊಂಡು ಮೊದಲ ಮಂಗಳಾರತಿಗೆ ನನ್ನಲ್ಲಿಗೇ ಬರುತ್ತಿದ್ದವು. ಒಡೆದ ಬೂದುಗುಂಬಳದಲ್ಲಿ ಕಾಲು ಜಾರುತ್ತಿತ್ತು. ಈ ವರ್ಷ ಬಂದದ್ದು ಮೂರು. ಮಧುಕುಮಾರನದಕ್ಕೆ ಹೂವಿನ ಹಾರವೇ ಬೇಕಿರಲಿಲ್ಲ. ಹಿತ್ತಿಲಲ್ಲಿ ನಿಂತು ನಿಂತು, ಬಕೆಟ್ಟಿನ ಮಣ್ಣಲ್ಲೇ ಬೇರೂರಿದ ಅವರೆ ಬಳ್ಳಿ ಯಂತ್ರದ ತೋಳಿನ ತುದಿಯವರೆಗೆ ಹಬ್ಬಿ ಹೂ ಬಿಟ್ಟಿತ್ತು.

"ಕಿತ್ತಾಕೋ ಮಾರಾಯ."

"ಕಾಯ್ ಬುಡ್ಲಿ ಇರಿ ಸಾ. ಈ ವರ್ಸ ಇವ್ಳಿಂದ ಅದೊಂದೇ ಉಟ್ಟುವಳಿ."

ನಗಬಾರದಿತ್ತು, ನಕ್ಕುಬಿಟ್ಟೆ. ಆಮೇಲೆ ಸಿಟ್ಟು ಇಮ್ಮಡಿಯಾಯಿತು. ರಾಚಯ್ಯ ಪುರಿ-ಕಡಲೆ ಮೆಲ್ಲುತ್ತ ಮಳಿಗೆಯ ಗೋಡೆಗಳನ್ನು ನೋಡುತ್ತ ನಿಂತಿದ್ದರು. ಎ.ಸಿ. ಎಲ್ಲಿ ಕೂರಿಸಬೇಕೆಂದು ಲೆಕ್ಕ ಹಾಕುತ್ತಿದ್ದಿರಬೇಕು.

ನವೆಂಬರ್ 11, ಮಂಗಳವಾರ

ನರಸೀಪುರದವನಿಗೆ ಒಂದು ಸೀಲ್ ಕಿಟ್ ಕಳಿಸಿದೆ. ಸಿಲಿಂಡರಿನಿಂದ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಉಂಗುರಗಳ ಪೊಟ್ಟಣ. ನನ್ನ ಬಳಿ ಇದ್ದದ್ದು ಅದೊಂದೇ. ಹೊಸದು ತರಿಸಲು ಧೈರ್ಯವಿಲ್ಲ. ಇದ್ದದ್ದು ಮಾರಿದರೆ ಸಾಕಾಗಿದೆ. ಮುಡುಕುತೊರೆಯ ಗಿರಾಕಿಯೊಬ್ಬ ಅವನೆದುರು ಕೂತಿದ್ದಾನಂತೆ. ಕೂತಿರಲಿ.

ನವೆಂಬರ್ 13, ಗುರುವಾರ

ಇಂಥದ್ದು ಎಲ್ಲಾದರೂ ಉಂಟೆ?

ಮಧುಕುಮಾರ್ ಬಂದು ಅದೇ ಸೀಲ್ ಕಿಟ್ ಕೇಳಿದ. ಒಂದು ಬಾವಿ ಪಕ್ಕದ ಕೆಲಸ ಸಿಕ್ಕಿದೆಯಂತೆ. "ಗೋಡೌನ್‌ನಲ್ಲಿದೆ, ಕೂತ್ಕೊ" ಎಂದು ಫೋನ್ ಮಾಡಿದೆ. ಗೋಡೌನ್‌ನಲ್ಲಿ ಇದ್ದದ್ದು ನಾನೇ ಕಳಿಸಿದ್ದು. ಮುಡುಕುತೊರೆಯವನು ದುಡ್ಡು ತರುತ್ತೇನೆಂದು ಎದ್ದು ಹೋದವನು ಬಂದೇ ಇಲ್ಲವಂತೆ. ಸೋಮಶೇಖರ ಅದನ್ನೇ ವಾಪಸ್ ಕಳಿಸಿದ. ಬಸ್ಸು ಬರುವಷ್ಟರಲ್ಲಿ ಮಧುಕುಮಾರನ ಕೆಲಸ ಇನ್ನೊಬ್ಬ ಕಡಿಮೆ ರೇಟಿಗೆ ಹೊಡೆದುಕೊಂಡ. ಕಿಟ್ ಬೇಡವಾಯಿತು. ಸಂಜೆ ನರಸೀಪುರದಿಂದ ಫೋನ್: ಮುಡುಕುತೊರೆಯವನು ಬಂದು ಕೂತಿದ್ದಾನೆ.

ಕಿಟ್ ಮತ್ತೆ ಬಸ್ಸು ಹತ್ತಿತು.

ನವೆಂಬರ್ 18, ಮಂಗಳವಾರ

ಮತ್ತೆ ಇಳಿಯಿತು. ಮುಡುಕುತೊರೆಯವನಿಗೆ ಯಾರೋ ಹಳೆಯ ಸೀಲನ್ನೇ ತಿರುಗಿಸಿ ಹಾಕಿಕೊಟ್ಟರಂತೆ. ಎರಡು ತಾಲ್ಲೂಕಿಗೆ ಒಂದೇ ಸೀಲ್ ಕಿಟ್, ಅದಕ್ಕೂ ಗಿರಾಕಿಯಿಲ್ಲ! ಪೊಟ್ಟಣದ ಮೂಲೆ ಸವೆದು, ಮೇಲಿನ ಅಕ್ಷರ ಅಳಿಸಿ, ಅದಕ್ಕೊಂದು ವಯಸ್ಸಾದ ಕಳೆ ಬಂದಿದೆ.

"ಸಾ, ಇದ್ಕೊಂದು ಪಾಸ್ ಮಾಡ್ಸಿ," ಎಂದ ನಿಂಗರಾಜು. "ಎಂಗಸ್ರೆಲ್ಲ ಸರ್ಕಾರಿ ಬಸ್ ಅತ್ತಾವ್ರೆ, ಫ್ರೀ ಅಲ್ವಾ. ನಮ್ ಬಸ್ಗೆ ದಿನಾ ಬರೋ ಪ್ಯಾಸೆಂಜರ್ ಅಂದ್ರೆ ಇದೊಂದೇಯ. ನರಸೀಪುರದ ಯಜಮಾನ್ರು ಇದ್ಕೆ ಕಿಟಕಿ ಪಕ್ಕ ಸೀಟ್ ಕೊಡು ಅಂದ್ರು."

ಅಂದರೆ ಆ ಸೋಮಶೇಖರನಿಗೆ ಇದು ತಮಾಷೆ! ಕಿಟಕಿ ಪಕ್ಕವಂತೆ. ಕಿಟಕಿ ಪಕ್ಕ ಕೂತರೆ ರಬ್ಬರ್ ಬಿಸಿಲಿಗೆ ಒಣಗುತ್ತದೆ, ಅಷ್ಟೂ ತಿಳಿಯದ ವ್ಯಾಪಾರಿ. ಮುಂದಿನ ಸಲ ನೆರಳಿನ ಕಡೆ ಕೂರಿಸು ಎಂದು ಹೇಳಿ ಕಳಿಸಿದೆ.

ಡಿಸೆಂಬರ್ 9, ಮಂಗಳವಾರ

ಬೆಳಗ್ಗೆಯಿಂದ ಫೋನ್ ಇಲ್ಲ. ಗಿರಾಕಿ ಇಲ್ಲದಿರುವುದು ಸರಿ, ಗೋಡೌನ್‌ಗೂ ಏನಾಗಿದೆ? ಸುಮ್ಮನೆ ಒಂದು ರಿಂಗ್ ಕೊಟ್ಟೆ. ನನ್ನೆದುರು ಯಾರೂ ಕೂತಿರಲಿಲ್ಲ, ಅವನೆದುರೂ ಯಾರೂ ಇರಲಿಲ್ಲವೆಂದು ಕಾಣುತ್ತದೆ. ಯಾರು ಯಜಮಾನ, ಯಾರು ಆಳು ಎಂದು ತಿಳಿಯದೆ ಇಬ್ಬರೂ ಮೂರು ಮೂರು ಸಲ 'ಹಲೋ' ಎಂದೆವು.

"ಏನಿಲ್ಲ, ಲೈನ್ ಸರಿ ಇದೆಯಾ ನೋಡ್ದೆ," ಎಂದೆ.

"ಇದೆ," ಎಂದ.

ಅವನಿಗೆ ಕೆಮ್ಮು. ಕಷಾಯ ಕುಡಿಯುವ ಬುದ್ಧಿಯೂ ಇಲ್ಲ. ಊಟಕ್ಕೆ ಕೂತಾಗ ಇದನ್ನೆಲ್ಲ ಸರ್ವಮಂಗಳಾಗೆ ಹೇಳಿ ಉಗಿಯುತ್ತಿದ್ದರೆ ಅವಳು ಸಾರು ಬಡಿಸುತ್ತ, "ರೀ, ಈ ಮನೇಲಿ ನನ್ನ ಹೆಸರಿಗಿಂತ ಆ ಸೋಮಶೇಖರಪ್ಪನ ಹೆಸರೇ ಜಾಸ್ತಿ ಕೇಳ್ತದೆ" ಎಂದಳು.

ಶತ್ರುವಿನ ಮೇಲೆ ಕಣ್ಣಿಟ್ಟಿರಬೇಕು ಎಂಬ ನೀತಿ ಹೆಂಗಸರಿಗೆ ಅರ್ಥವಾಗುವುದಿಲ್ಲ.

ಜನವರಿ 1, 2026, ಗುರುವಾರ

ಹೊಸ ವರ್ಷಕ್ಕೆ ಒಂದೂ ಡೈರಿ ಬಂದಿಲ್ಲ. ಬೇರಿಂಗ್ ಕಂಪನಿಯವರು ಮೊಬೈಲ್‌ಗೆ ಹೂವಿನ ಚಿತ್ರ ಕಳಿಸಿದ್ದಾರೆ. ಅದರಲ್ಲಿ ಬರೆಯುವುದೆಲ್ಲಿ?

ಕಳೆದ ವರ್ಷದ ಖಾಲಿ ಪುಟಗಳಲ್ಲೇ ಬರೆಯುತ್ತಿದ್ದೇನೆ. ಇಲ್ಲಿ ಅಚ್ಚಾಗಿರುವುದು ಬುಧವಾರ. ಹೊಡೆದುಹಾಕಿ ಗುರುವಾರ ಮಾಡಿದೆ. ಇಡೀ ವರ್ಷ ನಾನೇ ವಾರ ತಿದ್ದಿಕೊಳ್ಳಬೇಕು. ಈ ಸ್ಥಿತಿಗೆ ತಂದಿದ್ದಾರೆ!

ಜನವರಿ 20, ಮಂಗಳವಾರ

ರಾಚಯ್ಯ ಮತ್ತೆ ಬಂದಿದ್ದರು. ಯುಗಾದಿ ಹತ್ತಿರವಾಗುತ್ತಿದೆ ಎಂದು ಪಂಚಾಂಗದ ಹಾಗೆ ನೆನಪಿಸಿದರು. ಚಿನ್ನದ ಕಂಪನಿಯವರಿಗೆ ಭಾರಿ ಅವಸರವಂತೆ. ಇರದೇ ಇರುತ್ತದೆಯೆ? ಊರಿನಲ್ಲಿ ಕೆಲಸ ನಿಂತಷ್ಟೂ ಜನರ ಓಲೆ, ಸರ ಅವರ ಕಡೆಗೆ ನಡೆಯುತ್ತವೆ. ನನ್ನ ಬೀಳೇ ಅವರ ಏಳು.

"ಬಿಟ್ಟುಬಿಡಿ ಅತ್ಲಾಗೆ," ಎಂದಳು ಸರ್ವಮಂಗಳಾ. "ನಿಮ್ಮ ಬಿ.ಪಿ.ಗಿಂತ ಹೆಚ್ಚಿನದೇನ್ರೀ ಅಂಗಡಿ?"

ಸಂಜೆ ನಿಂಗರಾಜು ಆ ದರಿದ್ರ ಸೀಲ್ ಕಿಟ್ ಇಳಿಸಲು ಬಂದಾಗ ನನಗೆ ತಡೆಯಲಾಗಲಿಲ್ಲ. "ಹೇಳು ಹೋಗು ಎಲ್ಲರಿಗೂ! ಯುಗಾದಿಗೆ ಶಟರ್ ಎಳೀತೀನಿ. ಎಲ್ಲರೂ ಸೇರಿ ಚಿನ್ನ ಅಡ ಇಟ್ಟು ಅದರ ಮೇಲೆ ಕೂತ್ಕೊಳ್ಳಿ!" ಎಂದೆ.

ಅವನು ಬಸ್ಸು ಹತ್ತಿದ. ಸೀಟಿ ಊದುವುದನ್ನೂ ಮರೆತ.

ಫೆಬ್ರವರಿ 5, ಗುರುವಾರ

ಗುಂಡಿ ಅಗೆಯುತ್ತಿದ್ದಾರೆ! ಬಿಲ್ ಆಯಿತಂತೆ! ಪುರುಸೊತ್ತಿಲ್ಲ.

ಫೆಬ್ರವರಿ 7, ಶನಿವಾರ

ಪೈಪು ಹೂಳುವವರು ಒಂದು ಕಡೆ. ಮುಚ್ಚಿದ್ದನ್ನು ಕೇಬಲ್ ಎಳೆಯಲು ಅಗೆಯುವವರು ಇನ್ನೊಂದು ಕಡೆ. ಎಲ್ಲರಿಗೂ ಇವತ್ತೇ ಹಲ್ಲು ಬೇಕು.

ಫೆಬ್ರವರಿ 11, ಬುಧವಾರ

ಇಳಿಗಾಲ ಒಂದು ಥರ ಕೊಂದರೆ ಏರುಗಾಲ ಇನ್ನೊಂದು ಥರ ಕೊಲ್ಲುತ್ತದೆ. ಇಷ್ಟು ದಿನ ಎಲ್ಲಿ ಸತ್ತಿದ್ದರು ಇವರೆಲ್ಲ? ನನ್ನ ರ‍್ಯಾಕು ಖಾಲಿ. ಡಿಸ್ಟ್ರಿಬ್ಯೂಟರ್ ಮುಂಗಡ ಕೊಟ್ಟರೆ ಮಾತ್ರ ಸಾಮಾನು ಎನ್ನುತ್ತಾನೆ. ಗಿರಾಕಿ ಬೆಂಚಿನ ಮೇಲೆ ಸಾಲಾಗಿ ಕೂತಿದ್ದಾರೆ, ಎಲ್ಲರಿಗೂ "ಗೋಡೌನ್‌ನಲ್ಲಿದೆ" ಎಂದು ಹೇಳಿದ್ದೇನೆ.

ಗೋಡೌನ್ ಫೋನ್ ಎತ್ತುತ್ತಿಲ್ಲ.

ನಿನ್ನೆಯೂ ಎತ್ತಲಿಲ್ಲ. ಬೆಂಚಿನವರು ಒಬ್ಬೊಬ್ಬರಾಗಿ ಎದ್ದು ಮೈಸೂರಿನ ಬಸ್ಸು ಹತ್ತಿದರು. ಸಂಜೆ ನಿಂಗರಾಜು ಬಂದು ಬಾಗಿಲಲ್ಲೇ ನಿಂತ.

"ಸಾ, ಅಲ್ಲಿ ಗುಜರಿಯವ್ನು ಬಂದವ್ನೆ. ಯಜಮಾನ್ರು ಅಂಗ್ಡಿ ಸಾಮಾನೆಲ್ಲ ತೂಕಕ್ಕೆ ಆಕ್ತಾವ್ರೆ. ಮುಚ್ತಾರಂತೆ."

ಇಪ್ಪತ್ತು ವರ್ಷದಿಂದ ನಾನು ಶ್ರೀಕಂಠೇಶ್ವರನಲ್ಲಿ ಏನಾದರೂ ಬೇಡಿಕೊಂಡಿದ್ದರೆ ಅದು ಇದನ್ನೇ. ಇವತ್ತು ಸರ್ವಮಂಗಳಾಗೆ ಪಾಯಸ ಮಾಡು ಎನ್ನಬೇಕಿತ್ತು. ಹೇಳಲಿಲ್ಲ. ಊಟವನ್ನೂ ಮಾಡಲಿಲ್ಲ. ಹೊಸ ಹಲ್ಲನ್ನು, ಉಕ್ಕಿನ ಹಲ್ಲನ್ನು, ಗುಜರಿಗೆ ಹಾಕುವುದೆಂದರೇನು? ಯಾರನ್ನು ಕೇಳಿ ಮುಚ್ಚುತ್ತಾನೆ ಅವನು?

ಫೆಬ್ರವರಿ 12, ಗುರುವಾರ

ಬೆಳಗ್ಗೆ ಅಂಗಡಿ ತೆರೆಯಲಿಲ್ಲ. ನೇರ ನಿಂಗರಾಜುವಿನ ಬಸ್ಸು.

"ನೀವೇ ಬಂದ್ರಾ ಸಾ? ಪಾರ್ಸಲ್ ಎಲ್ಲಿ?"

"ನಾನೇ ಪಾರ್ಸಲ್."

"ಅಂಗಾರೆ ಟಿಕೆಟ್ ತಕ್ಕೊಬೇಕಾಯ್ತದೆ. ಸೀಲ್ ಕಿಟ್‌ಗೆ ಮಾತ್ರ ಫ್ರೀ."

ಟಿಕೆಟ್ ತೆಗೆದುಕೊಂಡೆ. ಸುತ್ತೂರು ದಾಟುವವರೆಗೂ ಬೈಗುಳ ಜೋಡಿಸಿಕೊಂಡೆ. ನರಸೀಪುರದಲ್ಲಿ ಇಳಿದಾಗ ಎಲ್ಲವೂ ನಾಲಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು.

ಶಟರ್ ಅರ್ಧ ಎಳೆದಿತ್ತು. ಬಗ್ಗಿ ಒಳಗೆ ಹೋದೆ. ಗೋಣಿಚೀಲಗಳು, ಗುಜರಿಯವನ ತಕ್ಕಡಿ. ಬೋರಲು ಹಾಕಿದ ಆಯಿಲ್ ಡಬ್ಬದ ಮೇಲೆ ಒಬ್ಬ ಸಣಕಲು ಮನುಷ್ಯ, ಹಣೆಯಲ್ಲಿ ವಿಭೂತಿ, ಕೊರಳಿಗೆ ಮಫ್ಲರ್, ಕೆಮ್ಮುತ್ತ ಕೂತಿದ್ದ. ಇಪ್ಪತ್ತು ವರ್ಷ ನಾನು ದ್ವೇಷಿಸಿದವನು ಇಷ್ಟು ಸಣ್ಣ ಆಳೆ? ಮೋಸ ಹೋದ ಹಾಗಾಯಿತು.

"ಯಾರು ಬೇಕಿತ್ತು?" ಎಂದ.

ಜೋಡಿಸಿಟ್ಟಿದ್ದ ಬೈಗುಳವೆಲ್ಲ ಮರೆತುಹೋಯಿತು. "ಗೋಡೌನ್," ಎಂದೆ.

ಅವನು ಡಬ್ಬದ ಮೇಲಿಂದ ಎದ್ದು ನಿಂತ.

"ಫೋನ್ ಎತ್ತಕ್ಕೆ ಏನಾಗಿತ್ತು ನಿಮಗೆ?" ನನ್ನ ಬಾಯಿಂದ ಯಾಕೋ ಬಹುವಚನ ಬಂತು.

"ಏನಂತ ಎತ್ತಲಿ? ಇದೆಯಾ ಅಂತೀರಿ. ಎಲ್ಲ ಗುಜರಿ ಚೀಲ ಸೇರಿದೆ, ಇಲ್ಲ ಅನ್ನಬೇಕು. ಇಷ್ಟು ವರ್ಷದಲ್ಲಿ ನಿಮಗೆ ಇಲ್ಲ ಅಂತ ಒಂದು ಸಲಾನೂ ಅಂದವನಲ್ಲ ನಾನು."

"ಮತ್ತೆ ಮುಚ್ತಿರೋದ್ಯಾಕೆ? ಈಗ ತಾನೆ ಅಗೆಯೋ ಕಾಲ ಬಂದಿದೆ! ತಲೆ ನೆಟ್ಟಗಿದೆಯೇನ್ರೀ?"

"ನೀವು ಮುಚ್ತಿದ್ದೀರಲ್ಲ!" ಎಂದು ಅವನೂ ಕೂಗಿದ. "ಯುಗಾದಿಗೆ ಶಟರ್ ಎಳೀತೀರಂತೆ, ನಿಂಗರಾಜು ಬಂದು ಹೇಳ್ದ. ನೀವು ಮುಚ್ಚಿದ ಮೇಲೆ ಗಿರಾಕಿಗೆ ಏನಂತ ಹೇಳ್ಲಿ ನಾನು? ಯಾರಿ‌ಗೆ ಫೋನ್ ಮಾಡ್ಲಿ? ಗೋಡೌನ್ ಇಲ್ಲದೆ ಅಂಗಡಿ ಇಟ್ಕೊಂಡು ಏನ್ರೀ ಮಾಡ್ಲಿ?"

ನಾನು ಹತ್ತಿರದ ಗೋಣಿಚೀಲದ ಬಾಯಿ ಬಿಚ್ಚಿ, ಹಲ್ಲುಗಳನ್ನು ತೆಗೆದು ಮತ್ತೆ ರ‍್ಯಾಕಿನಲ್ಲಿ ಇಡತೊಡಗಿದೆ. ಗುಜರಿಯವನು ನಡುವೆ ಬಾಯಿ ಹಾಕಿದ.

"ಬುದ್ಧಿ, ತೂಕ ಆಕ್ಲಾ, ಬ್ಯಾಡ್ವಾ?"

"ಬೇಡ!" ಎಂದೆವು ಇಬ್ಬರೂ. ಇಬ್ಬರೂ ಯಜಮಾನರಾಗಿ ಮಾತಾಡಿದ್ದು ಅದೇ ಮೊದಲು.

ಅವನು ಗೊಣಗುತ್ತ ತಕ್ಕಡಿ ಎತ್ತಿಕೊಂಡು ಹೋದ. ಆಮೇಲೆ ನಡೆದದ್ದೇ ಇವತ್ತಿನ ಮಹಾಪರಾಧ. ಕೈ ತೊಳೆಯಲೆಂದು ಹಿಂದಿನ ಬಾಗಿಲು ತೆರೆದೆ. ಅಲ್ಲಿ ಹೆಂಚಿನ ಮಾಡು, ಎತ್ತರದ ಗೋಡೆ, ಮದುವೆ ಮಾಡುವಷ್ಟು ದೊಡ್ಡ ಜಾಗ. ನಡುವೆ ಒಂದು ಸ್ಕೂಟರು.

"ಏನ್ರೀ ಇದು?"

"ನಮ್ಮ ತಂದೆ ಕಾಲದಲ್ಲಿ ಬೆಲ್ಲ ತುಂಬ್ತಿದ್ರು. ಗೋಡೌನು."

ಗೋಡೌನು! ನಿಜವಾದ ಗೋಡೌನು! ಇದನ್ನು ಬೆನ್ನ ಹಿಂದೆ ಇಟ್ಟುಕೊಂಡು ನನ್ನನ್ನು, ನನ್ನ ಬಚ್ಚಲನ್ನು, ಇಪ್ಪತ್ತು ವರ್ಷ ಗೋಡೌನ್ ಮಾಡಿಕೊಂಡಿದ್ದ! ಇಂಥ ಮನುಷ್ಯನನ್ನು ಏನೆಂದು ಬಯ್ಯಬೇಕು?

ಕಾಫಿ ತರಿಸಿದ. ಕುಡಿದೆ. ಸಕ್ಕರೆ ಜಾಸ್ತಿ. ಕೊನೆಯ ಬಸ್ಸಿನವರೆಗೂ ಜಗಳವಾಡಿದೆವು, ಆದರೂ ಮುಗಿಯಲಿಲ್ಲ. ನಾಳೆ ಫೋನಿನಲ್ಲಿ ಮುಂದುವರಿಸಬೇಕು.

ಮಾರ್ಚ್ 3, ಮಂಗಳವಾರ

ಕೊನೆಗೆ ನಾನು ಹೇಳಿದ್ದೇ ನಡೆಯಿತು, ಅವನು ತಾನು ಹೇಳಿದ್ದು ನಡೆಯಿತೆಂದು ತಿಳಿದುಕೊಂಡಿದ್ದರೂ.

ನಾನು ಒಂದು ಶಟರ್ ಬಿಟ್ಟುಕೊಡುವುದು, ಒಂದನ್ನು ಇಟ್ಟುಕೊಳ್ಳುವುದು. ರಾಚಯ್ಯ ಒಪ್ಪಿದರು. ಚಿನ್ನಕ್ಕೆ ಜಾಗ ಜಾಸ್ತಿ ಬೇಡವಂತೆ. ನಿಜ, ಊರಿನ ಹೆಂಗಸರ ಕೊರಳೆಲ್ಲ ಒಂದು ಕಬ್ಬಿಣದ ಬೀರುವಿನಲ್ಲಿ ಹಿಡಿಸುತ್ತದೆ. ನನ್ನ ಸಾಮಾನು, ಅವನ ಸಾಮಾನು ಎರಡೂ ಬೆಲ್ಲದ ಗೋಡೌನಿಗೆ. ಎರಡರ ಬದಲು ಒಂದೇ ಖರೀದಿ. ಮುಂಗಡ ಇಬ್ಬರೂ ಸೇರಿಸಿ ಕೊಟ್ಟೆವು; ಡಿಸ್ಟ್ರಿಬ್ಯೂಟರ್ ಈಗ 'ಸಾರ್' ಎನ್ನುತ್ತಾನೆ. ಏರಲಿ ಇಳಿಯಲಿ, ಒಬ್ಬನ ಬಾಗಿಲಿಗೆ ಬಂದದ್ದು ಇಬ್ಬರ ಹೊಟ್ಟೆಗೆ.

ಬೋರ್ಡಿನ ವಿಷಯಕ್ಕೆ ಮಾತ್ರ ರಕ್ತಪಾತವಾಗುವುದರಲ್ಲಿತ್ತು. ನರಸೀಪುರದ ಬಾಗಿಲ ಮೇಲೆ ನಾನು 'ಗೋಡೌನ್' ಎಂದು ಬರೆಸಬೇಕೆಂದೆ. ನಮ್ಮ ಸೋಮಶೇಖರ 'ಹೆಡ್ ಆಫೀಸ್' ಎಂದೇ ಆಗಬೇಕೆಂದು ಹಟ ಹಿಡಿದ. ಪೇಂಟರ್ ಏಣಿಯ ಮೇಲೆ ಬ್ರಷ್ ಹಿಡಿದು ನಿಂತು ನಿಂತು ಕಾಲು ಜೋಮು ಹಿಡಿಸಿಕೊಂಡ. ಕಡೆಗೆ ರಾಜಿಯಾಯಿತು. ಈಗ ಕೆಂಪು ಅಕ್ಷರದಲ್ಲಿ 'ಹೆಡ್ ಗೋಡೌನ್' ಎಂದಿದೆ. ಭೂಮಂಡಲದಲ್ಲಿ ಬೇರೆಲ್ಲೂ ಇರಲಾರದು.

ಮಾರ್ಚ್ 19, ಗುರುವಾರ, ಯುಗಾದಿ

ಬೇವು ಬೆಲ್ಲ ತಿಂದು, ಹಬ್ಬವೆಂದು ಅರ್ಧ ದಿನ ಮಾತ್ರ ಅಂಗಡಿ ತೆರೆದೆ. ಪಕ್ಕದ ಶಟರ್‌ನಲ್ಲಿ ಎ.ಸಿ. ಗುರುಗುಡುತ್ತಿದೆ. ಅದರ ನೀರು ನನ್ನ ಮೆಟ್ಟಿಲ ಮೇಲೆ ಬೀಳುತ್ತದೆ. ಇದನ್ನು ನಾನು ಬಿಡುವುದಿಲ್ಲ.

ಮಧುಕುಮಾರ್ ಬಂದ. ಯಂತ್ರಕ್ಕೆ ಎರಡು ಪಾಳಿ ಕೆಲಸವಂತೆ, ಅವರೆ ಬಳ್ಳಿ ಕಿತ್ತು ಹಾಕಿದ್ದಾನೆ. ಸೀಲ್ ಕಿಟ್ ಬೇಕೆಂದ.

"ಗೋಡೌನ್‌ನಲ್ಲಿದೆ, ಕೂತ್ಕೊ," ಎಂದೆ. ಎಷ್ಟೋ ಸಾವಿರ ಸಲ ಸಲೀಸಾಗಿ ಹೇಳಿದ ಮಾತು. ಇವತ್ತು ನಿಜವಾಗಿದ್ದರಿಂದ ನಾಲಗೆ ತೊಡರಿತು.

ಮಧುಕುಮಾರ್ ಕಿಸಕ್ಕನೆ ನಕ್ಕ. "ಅಬ್ಬದ್ ದಿನಾನೂ ಸುಳ್ಳಾ ಸಾ? ನಿಮ್ ಗೋಡೌನ್ ಅಂದ್ರೆ ನರಸೀಪುರದ್ ಅಂಗ್ಡಿ ಅಂತ ಎಲ್ರಿಗೂ ಗೊತ್ತು. ಅವ್ರೂ ಇಂಗೇಯ ಏಳ್ತಾರೆ."

"ಗೊತ್ತಿದ್ದೂ ಇಷ್ಟು ವರ್ಷ ಯಾಕೋ ಕೂತಿರ್ತಿದ್ದೆ?"

"ನೀವಿಬ್ರೂ ಫೋನಲ್ಲಿ ಬೈದಾಡೋದ ಕೇಳಾಕೆ ಸಾ. ಟಿವಿಗಿಂತ ಚೆಂದಾಗಿರ್ತದೆ."

ನಿಜ ಹೇಳಿದರೆ ಈ ತಾಲ್ಲೂಕಿನಲ್ಲಿ ನಂಬುವವರಿಲ್ಲ! ಫೋನ್ ಮಾಡಿದೆ, ಕಿಟ್ ಬಂತು. ಅದೇ ಕಿಟ್, ಸವೆದ ಮೂಲೆಯದು. ಮಧುಕುಮಾರ್ ಜೇಬಿಗೆ ಹಾಕಿಕೊಂಡು ಹೋದ ಮೇಲೆ ನಿಂಗರಾಜು ತನ್ನ ಖಾಲಿ ಕೈ ನೋಡಿಕೊಂಡು, "ಒಳ್ಳೆ ಪ್ಯಾಸೆಂಜರು ಸಾ, ಪಾಪ" ಎಂದ.

ಆಮೇಲೆ ಬಸ್ಸಿನಿಂದ ಒಂದು ರಟ್ಟಿನ ಪೆಟ್ಟಿಗೆಯನ್ನೂ ಇಳಿಸಿದ. ಒಳಗೆ ಆ ಗೋಡೆ ಗಡಿಯಾರ. ಫೋನ್ ಮಾಡಿ ಇದೇನೆಂದು ಕೇಳಿದೆ.

"ಗೋಡೌನ್‌ಗೆ ಗಡಿಯಾರ ಯಾಕ್ರೀ? ಅಂಗಡೀಲಿರಲಿ," ಎಂದು ಇಟ್ಟುಬಿಟ್ಟ.

ನೋಡಿದರೆ ಹತ್ತು ನಿಮಿಷ ಹಿಂದೆ ಓಡುತ್ತದೆ. ಸರಿಯಾಗಿ ಟೈಮು ತೋರಿಸಲೂ ಬಾರದ ಈ ಡಬ್ಬಕ್ಕಾಗಿ ನಾನು ಇಷ್ಟು ವರ್ಷ ಹೊಟ್ಟೆ ಉರಿಸಿಕೊಂಡೆನೆ? ಇಂಥ ಅವಮಾನ ನನಗೆ ಜನ್ಮದಲ್ಲಿ ಆಗಿಲ್ಲ. ಮರೆಯಬಾರದೆಂದು ನನ್ನ ಕುರ್ಚಿಯ ಎದುರಿಗೇ ಮೊಳೆ ಹೊಡೆದು ತೂಗುಹಾಕಿದ್ದೇನೆ.

ಇನ್ನೊಂದು ವಿಷಯ. ಬೆಳಗ್ಗೆ ಸರ್ವಮಂಗಳಾ ನನ್ನನ್ನು ಕೇಳದೆ ಆ ಬಹುಮಾನದ ಹಾಟ್ ಬಾಕ್ಸಿನ ತುಂಬ ಒಬ್ಬಟ್ಟು ಇಟ್ಟು ನರಸೀಪುರಕ್ಕೆ ಕಳಿಸಿದ್ದಾಳೆ. ತುಪ್ಪ ಬೇರೆ. ಕತ್ತಲಾಯಿತು, ಹಾಟ್ ಬಾಕ್ಸ್ ಇನ್ನೂ ವಾಪಸ್ ಬಂದಿಲ್ಲ. ನಾಳೆ ಮೊದಲ ಬಸ್ಸಿಗೇ ಹೋಗಿ ವಿಚಾರಿಸಬೇಕು. ಇಂಥ ವಿಷಯಗಳು ಫೋನಿನಲ್ಲಿ ಬಗೆಹರಿಯುವಂಥವಲ್ಲ.